ತಡವಾಗುವುದು ಬೇರೆ, ಒಂದು ಕಾಲು ಹಿಂದುಳಿಯುವುದು ಬೇರೆ

ಮಾನ್ಯ ಸಂಪಾದಕರೇ,

ನಾನು ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಗೆ ಸೇರಿದ, ಪೆರ್ಲ ಪೇಟೆಯಿಂದ ಸ್ವಲ್ಪ ಒಳಗಿರುವ ಹಳ್ಳಿಯೊಂದರವಳು. ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತಳಾಗಿದ್ದೇನೆ. ಹಸುಗೂಸುಗಳ ಕೈಕಾಲಿನ ವಿಷಯದಲ್ಲಿ ಪತ್ರಿಕೆಗೆ ಬರೆಯುವಷ್ಟು ವಿದ್ಯೆ ನನಗಿಲ್ಲವೆಂದು ಬಹಳ ದಿನ ಸುಮ್ಮನಿದ್ದೆ. ಆದರೆ ಮೊನ್ನೆ ಮದುವೆಮನೆಯೊಂದರ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಎಳೆಯ ತಾಯಿಯೊಬ್ಬಳು, "ಟೀಚರೇ, ನನ್ನ ಮಗು ಒಂದೇ ಕಾಲು ಒದೆಯುತ್ತದೆ, ಕೇಳಿದವರೆಲ್ಲ ಸರಿಹೋಗುತ್ತದೆ ಬಿಡಿ ಅನ್ನುತ್ತಾರೆ" ಎಂದಳು. ನನ್ನ ಮನೆಯಲ್ಲಿ ತಿಂಗಳುಗಟ್ಟಲೆ ಕೇಳಿಸಿಕೊಂಡ ಅದೇ ಮಾತು ಊರಿನಲ್ಲಿ ಇನ್ನೂ ಹಾಗೆಯೇ ಓಡಾಡುತ್ತಿದೆ ಎಂದು ತಿಳಿದ ಮೇಲೆ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಮಗಳನ್ನು ಗಡಿಯಾಚೆ, ಕರ್ನಾಟಕದ ವಿಟ್ಲದ ಕಡೆಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆ 2023ರ ಜೂನಿನಲ್ಲಿ ಮಂಗಳೂರಿನಲ್ಲಾಯಿತು. ಮಗು ತಲೆ ಕೆಳಗಾಗಿ ತಿರುಗದೆ ಕುಂಡೆ ಕೆಳಗಾಗಿಯೇ ಕುಳಿತಿದ್ದರಿಂದ ಸಿಸೇರಿಯನ್ ಮಾಡಿದರು. ಹೆಣ್ಣು ಮಗು, ತೂಕ ಚೆನ್ನಾಗಿತ್ತು, ಮೂರೇ ದಿನಕ್ಕೆ ಹಾಲು ಕುಡಿಯಲು ಕಲಿತಿತ್ತು. ಬಾಣಂತನಕ್ಕೆ ನಮ್ಮ ಮನೆಗೆ ಕರೆತಂದೆವು. ನಮ್ಮಲ್ಲಿ ಈಗಲೂ ಮಗುವನ್ನು ಮೀಯಿಸುವುದು ಅಡಿಕೆ ಹಾಳೆಯಲ್ಲಿ ಮಲಗಿಸಿ. ಬಚ್ಚಲಿನಲ್ಲಿ ಮಣೆ ಹಾಕಿ ಕುಳಿತು, ಎದುರಿಗೆ ಒದ್ದೆ ಹಾಳೆಯನ್ನಿಟ್ಟು, ತೆಂಗಿನೆಣ್ಣೆ ತಿಕ್ಕಿ ನೀರು ಹೊಯ್ಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎರಡು ತಿಂಗಳು ತುಂಬುವ ಹೊತ್ತಿಗೆ ನನಗೊಂದು ವ್ಯತ್ಯಾಸ ಕಾಣತೊಡಗಿತು. ಬಲಗಾಲು ಹಾಳೆಯ ಅಂಚಿಗೆ ಟಪಟಪನೆ ಬಡಿಯುತ್ತಿತ್ತು. ಎಡಗಾಲು ಒದೆಯಲು ಹೊರಟರೂ ಅರ್ಧಕ್ಕೇ ನಿಲ್ಲುತ್ತಿತ್ತು. ತೊಡೆಸಂದಿಗೆ ಎಣ್ಣೆ ಹಚ್ಚಲೆಂದು ಎರಡೂ ಮಂಡಿ ಮಡಚಿ ಅಗಲಿಸಿದರೆ ಬಲದ್ದು ಹೆಚ್ಚುಕಡಿಮೆ ಹಾಳೆಯನ್ನು ಮುಟ್ಟುವಷ್ಟು ಹೋಗುತ್ತಿತ್ತು, ಎಡದ್ದು ತುಕ್ಕು ಹಿಡಿದ ಬಿಜಾಗರಿಯ ಹಾಗೆ ನಡುದಾರಿಯಲ್ಲಿ ತಡೆಯುತ್ತಿತ್ತು. ಮಗು ಅಳುತ್ತಿರಲಿಲ್ಲ. ನೋವಿದ್ದರೆ ಅತ್ತೇ ಅಳುತ್ತದೆ ಎಂಬ ನಮ್ಮ ನಂಬಿಕೆಯೇ ನಮ್ಮನ್ನು ದಾರಿ ತಪ್ಪಿಸಿತು. ಸೊಂಟದ ಕೀಲಿನ ಈ ತೊಂದರೆಗೆ ಆ ವಯಸ್ಸಿನಲ್ಲಿ ನೋವೇ ಇರುವುದಿಲ್ಲವೆಂದು ತಿಳಿದದ್ದು ಬಹಳ ಆಮೇಲೆ.

ಮೊದಲ ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುತ್ತೇನೆ. ಕಾಲು ಸೊಟ್ಟಗಿದೆ, ಎಣ್ಣೆ ಹಚ್ಚಿ ನೀವಿದರೆ ನೆಟ್ಟಗಾಗುತ್ತದೆ ಎಂದುಕೊಂಡು ದಿನವೂ ಎಡಗಾಲನ್ನು ಹಿಡಿದು ಜಗ್ಗಿ ಬಲಗಾಲಿಗೆ ಸಮ ಮಾಡಲು ಹೋದೆ. ಮಗುವಿನ ಸೊಂಟವನ್ನು ಹಾಗೆ ನೇರಕ್ಕೆ ಎಳೆಯುವುದು ಒಳ್ಳೆಯದಲ್ಲ ಎಂದು ಮೂಳೆ ವೈದ್ಯರು ಆಮೇಲೆ ಹೇಳಿದಾಗ ನಾನು ತಲೆ ಎತ್ತಲಿಲ್ಲ. ಎರಡನೆಯ ತಪ್ಪು ನನ್ನದಲ್ಲ. ಎರಡೂವರೆ ತಿಂಗಳ ಲಸಿಕೆಗೆ ಹೋದಾಗ ಕಾಲಿನ ವಿಷಯ ಹೇಳಿದೆ. ತಕ್ಕಡಿ ನೋಡಿ, "ತೂಕ ಏರಿದೆಯಲ್ಲ, ಮತ್ತೇನು" ಎಂದರು. ಮೂರೂವರೆ ತಿಂಗಳಿಗೆ ಮತ್ತೆ ಹೇಳಿದೆ. "ಮಕ್ಕಳೆಲ್ಲ ಒಂದೇ ತರ ಇರುವುದಿಲ್ಲ ಅಜ್ಜಿ, ನಡೆಯುವಾಗ ನೋಡೋಣ" ಎಂಬ ಉತ್ತರ ಬಂತು. ಆ ಕೇಂದ್ರ ಯಾವುದು, ಹೇಳಿದವರು ಯಾರು ಎಂದು ಬರೆಯಲು ನನಗೆ ಮನಸ್ಸಿಲ್ಲ. ಸಾಲಿನಲ್ಲಿ ನಲವತ್ತು ತಾಯಂದಿರು ನಿಂತಿದ್ದ ದಿನ ಅದು, ಅವರ ಮಾತಿನಲ್ಲಿ ಕೆಟ್ಟ ಉದ್ದೇಶವೂ ಇರಲಿಲ್ಲ. ಮಗುವಿನ ಬಟ್ಟೆ ಬಿಚ್ಚಿ ಎರಡು ಮಂಡಿಗಳನ್ನು ಒಮ್ಮೆ ಅಗಲಿಸಿ ನೋಡಿದ್ದರೆ ಮಾತ್ರ ಸಾಕಾಗಿತ್ತು. ಅದಕ್ಕೆ ಅರ್ಧ ನಿಮಿಷವೂ ಬೇಡ.

ಐದು ತಿಂಗಳು ಕಳೆದು ಮಗಳು ಮಗುವನ್ನು ಕರೆದುಕೊಂಡು ಗಂಡನ ಮನೆಗೆ ಹೋದಳು. ಏಳನೆಯ ತಿಂಗಳಲ್ಲಿ ಅಲ್ಲಿಯ ಅಂಗನವಾಡಿಯಲ್ಲಿ ತೂಕ ನೋಡಿದರು. ತೂಗುವ ತಕ್ಕಡಿಗೆ ಚಡ್ಡಿಯಂಥ ಒಂದು ಬಟ್ಟೆಯ ಚೀಲವಿರುತ್ತದೆ, ಮಗುವಿನ ಎರಡೂ ಕಾಲು ಅದರ ತೂತುಗಳಿಂದ ಕೆಳಗೆ ಇಳಿಬೀಳುತ್ತವೆ. ಆ ಅಂಗನವಾಡಿ ಟೀಚರು ಮುಳ್ಳು ನೋಡುವುದನ್ನು ಬಿಟ್ಟು ಪಾದ ನೋಡಿದರು. ಎಡ ಪಾದ ಬಲ ಪಾದಕ್ಕಿಂತ ಒಂದು ಬೆರಳಿನಷ್ಟು ಮೇಲಕ್ಕಿತ್ತು. "ಇದನ್ನು ನಾಳೆಯೇ ಮೂಳೆ ಡಾಕ್ಟರಿಗೆ ತೋರಿಸಿ" ಎಂದರಂತೆ. ಮಂಗಳೂರಿನಲ್ಲಿ ಎಕ್ಸ್‌ರೇ ತೆಗೆದಾಗ ಎಡತೊಡೆಯ ಮೂಳೆಯ ಗುಂಡು ತನ್ನ ಗೂಡಿನಲ್ಲಿರದೆ ಹೊರಗೆ, ಮೇಲಕ್ಕೆ ಸರಿದು ಕುಳಿತಿತ್ತು.

ವೈದ್ಯರು ಇದನ್ನು ಡಿ.ಡಿ.ಎಚ್. ಎಂದು ಕರೆದರು; ಸೊಂಟದ ಕೀಲು ಸರಿಯಾಗಿ ರೂಪುಗೊಳ್ಳದಿರುವುದು ಎಂದರ್ಥ. ಗೂಡು ಆಳವಾಗಿ ಬೆಳೆಯಬೇಕಾದರೆ ಗುಂಡು ಅದರೊಳಗೆ ಕುಳಿತಿರಬೇಕು. ಗುಂಡು ಹೊರಗಿದ್ದಷ್ಟು ದಿನವೂ ಗೂಡು ಚಪ್ಪಟೆಯಾಗುತ್ತ ಹೋಗುತ್ತದೆ, ಹಾಗಾಗಿ ಇಲ್ಲಿ ಕಾಯುವುದೆಂದರೆ ಕೆಡಲು ಬಿಡುವುದು. ಹೆಣ್ಣು ಮಕ್ಕಳಲ್ಲಿ, ಚೊಚ್ಚಲ ಮಕ್ಕಳಲ್ಲಿ, ಕುಂಡೆ ಕೆಳಗಾಗಿದ್ದ ಮಕ್ಕಳಲ್ಲಿ, ಮನೆತನದಲ್ಲಿ ಮೊದಲೇ ಯಾರಿಗಾದರೂ ಇದ್ದವರಲ್ಲಿ ಇದು ಹೆಚ್ಚು. ಎರಡು ಕಾಲುಗಳಲ್ಲಿ ಎಡಗಾಲಿಗೇ ಹೆಚ್ಚು. ನಮ್ಮ ಕೂಸು ಈ ಪಟ್ಟಿಯಲ್ಲಿ ಒಂದನ್ನು ಬಿಟ್ಟು ಎಲ್ಲಕ್ಕೂ ಸೇರಿದ್ದಳು. ಹೆರಿಗೆಯ ಬಳಿಕ ಕೊಟ್ಟ ಕಾಗದದಲ್ಲಿ 'ಬ್ರೀಚ್', ಅಂದರೆ ಕುಂಡೆ ಕೆಳಗಾಗಿರುವುದು, ಎಂಬ ಒಂದು ಪದ ಇಂಗ್ಲಿಷಿನಲ್ಲಿ ಇದ್ದೇ ಇತ್ತು. ಆ ಪದ ಇರುವ ಮಗುವಿಗೆ ಒಂದೂವರೆ ತಿಂಗಳಿನ ಸುಮಾರಿಗೆ ಸೊಂಟದ ಅಲ್ಟ್ರಾಸೌಂಡ್ ಮಾಡಿಸಬೇಕೆಂಬ ನಿಯಮ ಬ್ರಿಟನ್ನಿನಂಥ ದೇಶಗಳಲ್ಲಿದೆ ಎಂದು ನಾನು ಓದಿದ್ದು ಎಲ್ಲ ಮುಗಿದ ಮೇಲೆ. ನಮಗೆ ಅದು ಸಿಸೇರಿಯನ್ನಿನ ಕಾರಣ ಮಾತ್ರವಾಗಿತ್ತು; ಹೆರಿಗೆ ಮುಗಿಯಿತು, ಕಾರಣವೂ ಮುಗಿಯಿತು ಎಂದುಕೊಂಡಿದ್ದೆವು.

ಆರು ತಿಂಗಳೊಳಗೆ, ಅದರಲ್ಲೂ ಮೊದಲ ಎರಡು ಮೂರು ತಿಂಗಳಲ್ಲಿ ಗೊತ್ತಾದರೆ ಪಾವ್ಲಿಕ್ ಹಾರ್ನೆಸ್ ಎಂಬ ಮೆತ್ತನೆಯ ಪಟ್ಟಿಗಳನ್ನು ಕೆಲವು ವಾರ ಕಟ್ಟಿ, ತೊಡೆಗಳನ್ನು ಕಪ್ಪೆಯಂತೆ ಅಗಲಿಸಿ ಇಟ್ಟರೆ ಹೆಚ್ಚಿನ ಮಕ್ಕಳಲ್ಲಿ ಗುಂಡು ತಾನಾಗಿ ಗೂಡಿನಲ್ಲಿ ಕೂರುತ್ತದೆ. ಮಗು ಮನೆಯಲ್ಲೇ ಇರುತ್ತದೆ, ಹಾಲು ಕುಡಿಯುತ್ತದೆ, ಒದೆಯುತ್ತದೆ. ಏಳು ತಿಂಗಳಿಗೆ ಆ ಬಾಗಿಲು ಮುಚ್ಚಿತ್ತು. ಅರಿವಳಿಕೆ ಕೊಟ್ಟು, ಗುಂಡನ್ನು ಕೂರಿಸಿ, ಎದೆಯ ಕೆಳಗಿನಿಂದ ಎರಡೂ ಕಾಲುಗಳ ಹರಡಿನವರೆಗೆ ಪ್ಲಾಸ್ಟರ್ ಹಾಕಿದರು. ಆರು ವಾರಕ್ಕೊಮ್ಮೆ ಬದಲಿಸಿ ಒಟ್ಟು ಮೂರು ತಿಂಗಳು. ಅದು ಫೆಬ್ರವರಿಯಿಂದ ಮೇ ತಿಂಗಳವರೆಗಿನ ಸೆಕೆ. ನಮ್ಮ ಊರಿನ ಆ ದಿನಗಳು ಹೇಗಿರುತ್ತವೆಂದು ಇಲ್ಲಿಯ ಓದುಗರಿಗೆ ಹೇಳಬೇಕಾಗಿಲ್ಲ. ಪ್ಲಾಸ್ಟರಿನ ಅಂಚಿನಲ್ಲಿ ಬೆವರುಸಾಲೆ ಎದ್ದು ಮಗು ರಾತ್ರಿಯಿಡೀ ತಲೆಯನ್ನು ಮಾತ್ರ ಆ ಕಡೆ ಈ ಕಡೆ ಹೊರಳಿಸುತ್ತಿತ್ತು. ಕಾಲುಗಳು ಎರಡು ಕಡೆಗೆ ಚಾಚಿಕೊಂಡಿದ್ದರಿಂದ ತೊಟ್ಟಿಲಿನಲ್ಲಿ ಹಿಡಿಸುತ್ತಿರಲಿಲ್ಲ, ಬಸ್ಸಿನ ಸೀಟಿನಲ್ಲೂ ಹಿಡಿಸುತ್ತಿರಲಿಲ್ಲ; ಪ್ರತಿ ಬಾರಿ ಕಾರು ಗೊತ್ತುಮಾಡಿ, ಕಲ್ಲಡ್ಕದ ದಾರಿಯ ಹೊಂಡಗಳಲ್ಲಿ ಅಡ್ಡ ಮಲಗಿಸಿಕೊಂಡು ಮಂಗಳೂರಿಗೆ ಹೋಗಿ ಬಂದೆವು. ಅವಳು ತಾನಾಗಿ ನಡೆದದ್ದು ಹತ್ತೊಂಬತ್ತನೆಯ ತಿಂಗಳಿಗೆ. ಈಗ ಓಡುತ್ತಾಳೆ. ನಮ್ಮ ಪುಣ್ಯ, ಇನ್ನೂ ತಡವಾಗಿ ಕುಂಟುತ್ತ ನಡೆಯಲು ಹೊರಟ ಮೇಲೆ ಗೊತ್ತಾಗಿದ್ದರೆ ಮೂಳೆಯನ್ನೇ ಕೊಯ್ದು ಜೋಡಿಸುವ ಶಸ್ತ್ರಚಿಕಿತ್ಸೆ ಬೇಕಾಗುತ್ತಿತ್ತು. "ನಡೆಯುವಾಗ ನೋಡೋಣ" ಎಂದವರು ಕೊಟ್ಟ ಗಡುವು ಅದೇ ಆಗಿತ್ತು.

ಇಷ್ಟೆಲ್ಲ ನಮ್ಮ ಮನೆಯ ಕತೆ. ನಾನು ಹೇಳಬೇಕೆಂದಿರುವ ಮಾತು ಇದರ ಒಳಗಿದೆ. "ಮಕ್ಕಳೆಲ್ಲ ಒಂದೇ ತರ ಇರುವುದಿಲ್ಲ" ಎಂಬುದು ಸುಳ್ಳಲ್ಲ; ಆದರೆ ಅದು ಒಂದು ಮಗುವನ್ನು ಇನ್ನೊಂದು ಮಗುವಿನೊಡನೆ ಹೋಲಿಸುವಾಗ ಹೇಳುವ ಮಾತು. ಒಂದೇ ಮಗುವಿನ ಎಡವನ್ನು ಬಲದೊಡನೆ ಹೋಲಿಸುವಾಗ ಆ ಸಮಾಧಾನಕ್ಕೆ ಅರ್ಥವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮಗು ಆಧಾರವಿಲ್ಲದೆ ಕೂರುವುದು ಸುಮಾರು 4ರಿಂದ 9 ತಿಂಗಳ ನಡುವೆ ಎಂದಾದರೂ ಆಗಬಹುದು, ತಾನಾಗಿ ನಡೆಯುವುದು 8ರಿಂದ 17 ತಿಂಗಳು ದಾಟುವವರೆಗೆ ಎಂದಾದರೂ ಆಗಬಹುದು; ನೂರರಲ್ಲಿ ನಾಲ್ಕರಷ್ಟು ಮಕ್ಕಳು ಅಂಬೆಗಾಲೇ ಇಡದೆ ನೇರವಾಗಿ ನಿಂತುಬಿಡುತ್ತವೆ. ತಡವಾಗುವುದಕ್ಕೆ ಪ್ರಕೃತಿ ಇಷ್ಟು ಅಗಲದ ಅಂಗಳ ಕೊಟ್ಟಿದೆ. ಎಡಬಲದ ವ್ಯತ್ಯಾಸಕ್ಕೆ ಅಂಥ ಅಂಗಳವಿಲ್ಲ. ನಮ್ಮ ಅಳತೆಗೋಲುಗಳು ಮಾತ್ರ ಎಲ್ಲವೂ ಕಾಲದವೇ. ತಿರುವನಂತಪುರದ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರಿನಲ್ಲಿ ರೂಪಿಸಿದ, ಎರಡು ವರ್ಷದೊಳಗಿನ ಮಕ್ಕಳ ಬೆಳವಣಿಗೆಯನ್ನು ಪರೀಕ್ಷಿಸಲು ಬಳಸುವ ಚಾರ್ಟು ನಿಜಕ್ಕೂ ಅಚ್ಚುಕಟ್ಟಾದದ್ದು, 17 ಅಂಶಗಳಲ್ಲಿ ಮುಗಿಯುತ್ತದೆ, ಓದು ಕಡಿಮೆ ಇರುವವರೂ ಬಳಸಬಹುದು. ಕತ್ತು ನಿಂತಿತೇ, ಮಗುಚಿತೇ, ಹಿಡಿದು ನಡೆಯಿತೇ ಎಂಬವೆಲ್ಲ ಅದರಲ್ಲಿವೆ. ಎರಡೂ ಕಡೆ ಸಮನಾಗಿ ಮಾಡಿತೇ ಎಂಬುದು ಇಲ್ಲ. ನನ್ನ ಮೊಮ್ಮಗಳು ಮೂರೂವರೆ ತಿಂಗಳಿಗೆ ಕತ್ತು ನಿಲ್ಲಿಸಿದ್ದಳು, ಐದಕ್ಕೆ ಮಗುಚಿದ್ದಳು. ಚಾರ್ಟಿನ ಮಟ್ಟಿಗೆ ಅವಳು ಪಾಸು.

ಇದು ಸೊಂಟದ ಕೀಲಿನ ಮಾತಾಯಿತು. ಒಂದು ಕಾಲು ಹಿಂದುಳಿಯುವುದಕ್ಕೆ ಕಾರಣ ಮಿದುಳಿನಲ್ಲಿಯೂ ಇರಬಹುದೆಂದು ನನಗೆ ತಿಳಿದದ್ದು ನೆರೆಮನೆಯೊಂದರ ಗಂಡುಮಗುವಿನಿಂದ. ಏಳು ತಿಂಗಳಿಗೇ ಅವನು ಕೊಟ್ಟದ್ದನ್ನೆಲ್ಲ ಬಲಗೈಯಲ್ಲೇ ತೆಗೆದುಕೊಳ್ಳುತ್ತಿದ್ದ. ಶುಭಲಕ್ಷಣವೆಂದು ಮನೆಯವರು ಹಿಗ್ಗಿದರು. ಎಡಗೈಯ ಹತ್ತಿರ ಗಿಲಕಿ ಹಿಡಿದರೂ ಬಲಗೈಯನ್ನೇ ಎದೆಯ ಮೇಲಿಂದ ದಾಟಿಸಿ ಹಿಡಿಯುತ್ತಿದ್ದ. ಎಡಗೈಯ ಮುಷ್ಟಿ ಬಿಗಿದೇ ಇತ್ತು, ಹೆಬ್ಬೆರಳು ಒಳಗೆ ಸಿಕ್ಕಿಕೊಂಡಿತ್ತು. ಒದೆಯುವಾಗ ಎಡಗಾಲು ಕೋಲಿನಂತೆ ಸೆಟೆಯುತ್ತಿತ್ತು. ಒಂದು ವರ್ಷದೊಳಗೆ ಮಗು ಒಂದೇ ಕೈಗೆ ಅಂಟಿಕೊಳ್ಳುವುದು ಜಾಣತನದ ಲಕ್ಷಣವಲ್ಲ, ಇನ್ನೊಂದು ಕೈ ದುರ್ಬಲವಾಗಿರುವುದರ ಸೂಚನೆ ಇರಬಹುದು. ಆ ವಯಸ್ಸಿನಲ್ಲಿ ಎರಡೂ ಕೈಗಳನ್ನು ಸಮನಾಗಿ ಬಳಸುವುದೇ ಸಹಜ. ಹುಟ್ಟುವ ಮೊದಲೋ ಹುಟ್ಟುವ ಹೊತ್ತಿಗೋ ಮಿದುಳಿನ ಬಲಭಾಗಕ್ಕೆ ರಕ್ತ ಸಾಲದೆ ಪೆಟ್ಟಾಗಿತ್ತೆಂದು ಎಂ.ಆರ್.ಐ.ಯಲ್ಲಿ ಕಂಡಿತು. ಮಿದುಳಿನ ಬಲಭಾಗ ದೇಹದ ಎಡಭಾಗವನ್ನು ಆಳುತ್ತದೆ. ಹುಟ್ಟಿದಾಗ ಆ ಮಗುವಿನಲ್ಲಿ ಯಾವ ಕುಂದೂ ಕಂಡಿರಲಿಲ್ಲ. ಈಗ ದಿನಕ್ಕೆ ಸ್ವಲ್ಪ ಹೊತ್ತು ಗಟ್ಟಿಯಿರುವ ಬಲಗೈಗೆ ಬಟ್ಟೆಯ ಚೀಲ ತೊಡಿಸಿ, ಎಡಗೈಯಲ್ಲಿ ಆಡಲೇಬೇಕಾಗುವಂತೆ ಮಾಡುತ್ತಾರೆ. ಅವನ ಅಜ್ಜ ಎಡಗಡೆಯೇ ಕುಳಿತು ಒಂದೊಂದಾಗಿ ಗೇರುಬೀಜ ಚಾಚುತ್ತಾರೆ, ಅವನು ಹಿಡಿಯುತ್ತಾನೆ, ಬೀಳಿಸುತ್ತಾನೆ. ಎಳೆಯ ಮಿದುಳಿಗೆ ಬೇರೆ ದಾರಿ ಹುಡುಕಿಕೊಳ್ಳುವ ಶಕ್ತಿ ಹೆಚ್ಚು, ಆ ಕಾಲದಲ್ಲೇ ಕಲಿಸಬೇಕು ಎನ್ನುತ್ತಾರೆ ಫಿಸಿಯೋಥೆರಪಿಯವರು. ಮಿದುಳಿನ ಪೆಟ್ಟಿನಿಂದ ಕೈಕಾಲಿನ ಚಲನೆ ಕೆಡುವ ಇಂಥ ತೊಂದರೆಯನ್ನು ಸೆರೆಬ್ರಲ್ ಪಾಲ್ಸಿ ಎಂದು ಹೇಳಲು ಎರಡು ವರ್ಷ ತುಂಬುವವರೆಗೆ ಕಾಯುವ ರೂಢಿ ಹಿಂದೆ ಇತ್ತು. ಮಗುವಿಗೆ ಆರು ತಿಂಗಳಾಗುವ ಮೊದಲೇ ಗುರುತಿಸಲು ಸಾಧ್ಯವೆಂದು 2017ರಲ್ಲಿ ಹಲವು ದೇಶಗಳ ತಜ್ಞರು ಸೇರಿ ವಿವರವಾಗಿ ಬರೆದಿದ್ದಾರೆ.

ಇದನ್ನು ಓದಿ ಯಾವ ಬಾಣಂತಿಯೂ ರಾತ್ರಿಯೇ ಎದ್ದು ಮಗುವಿನ ಕಾಲು ಅಳೆಯುವುದು ಬೇಡ. ಮೊದಲ ನಾಲ್ಕೈದು ತಿಂಗಳು ಮಗು ತಲೆಯನ್ನು ಒಂದು ಕಡೆಗೆ ತಿರುಗಿಸಿದಾಗ ಆ ಕಡೆಯ ಕೈಕಾಲು ಚಾಚಿ ಇನ್ನೊಂದು ಕಡೆಯದು ಮಡಚಿಕೊಳ್ಳುವುದು ಸಹಜ. ತಲೆ ಆಚೆ ತಿರುಗಿದಾಗ ಅದೂ ಅದಲುಬದಲಾಗಬೇಕು, ಅಷ್ಟೇ. ತೊಡೆಯ ನೆರಿಗೆಗಳು ಎರಡು ಕಡೆ ಸಮನಾಗಿಲ್ಲದ ಆರೋಗ್ಯವಂತ ಮಕ್ಕಳು ಬೇಕಾದಷ್ಟಿವೆ. ಕುಂಡೆ ಎಳೆದುಕೊಂಡೇ ಮನೆಯೆಲ್ಲ ಸುತ್ತಿ ಕೊನೆಗೆ ಸರಿಯಾಗಿ ನಡೆದವರು ನನ್ನ ವಿದ್ಯಾರ್ಥಿಗಳಲ್ಲೇ ಇದ್ದಿರಬೇಕು. ಒಂದು ದಿನ ಕಂಡದ್ದನ್ನು ನಾಲ್ಕಾರು ದಿನ ನೋಡಿ. ಸದಾ ಅದೇ ಕಾಲು, ಅದೇ ಕೈ ಹಿಂದುಳಿಯುತ್ತಿದ್ದರೆ ಮಾತ್ರ ತೋರಿಸಿ. ಇದಕ್ಕೆ ಎರಡು ಅಪವಾದಗಳಿವೆ. ನಿನ್ನೆಯವರೆಗೆ ಚೆನ್ನಾಗಿ ಆಡಿಸುತ್ತಿದ್ದ ಕಾಲನ್ನು ಮಗು ಇದ್ದಕ್ಕಿದ್ದಂತೆ ಆಡಿಸದೆ, ಮುಟ್ಟಿದರೆ ಕಿರುಚಿದರೆ, ಜೊತೆಗೆ ಜ್ವರವೋ ಬಾವೋ ಇದ್ದರೆ ಅದು ಕೀಲಿನ ಸೋಂಕೋ ಮೂಳೆಯ ಮುರಿತವೋ ಇರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು. ಎರಡನೆಯದಾಗಿ, ಎರಡೂ ಸೊಂಟದ ಕೀಲು ಜಾರಿದ್ದರೆ ಎಡಬಲದ ವ್ಯತ್ಯಾಸವೇ ಕಾಣುವುದಿಲ್ಲ; ಆಗ ಎರಡೂ ತೊಡೆಗಳು ಅಗಲವಾಗುವುದಿಲ್ಲ ಎಂಬುದೇ ಗುರುತು.

ಮನೆಯಲ್ಲಿ ನೋಡುವುದು ಕಷ್ಟದ ಕೆಲಸವಲ್ಲ. ಮಿಂದು ಹಾಲು ಕುಡಿದು ಮಗು ಖುಷಿಯಲ್ಲಿರುವಾಗ ಬಟ್ಟೆಯಿಲ್ಲದೆ ಚಾಪೆಯ ಮೇಲೆ ಅಂಗಾತ ಮಲಗಿಸಿ, ಐದು ನಿಮಿಷ ಮುಟ್ಟದೆ ನೋಡಬೇಕು. ಆಮೇಲೆ ಎರಡೂ ಮಂಡಿ ಮಡಚಿ, ಪಾದಗಳನ್ನು ಜೋಡಿಸಿ ನೆಲಕ್ಕೂರಿಸಿದರೆ ಮಂಡಿಗಳ ಎತ್ತರ ಒಂದೇ ಇದೆಯೇ ಎಂದು ತಿಳಿಯುತ್ತದೆ. ಪುಸ್ತಕ ಬಿಡಿಸುವ ಹಾಗೆ ಮೆಲ್ಲಗೆ ತೊಡೆ ಅಗಲಿಸಿದರೆ ಯಾವುದು ತಡೆಯುತ್ತದೆಂದು ಕೈಗೆ ಗೊತ್ತಾಗುತ್ತದೆ. ಒತ್ತಾಯಿಸಬಾರದು. ಡಾಕ್ಟರ ಮುಂದೆ ಮಗು ಒಂದೋ ನಿದ್ದೆ ಮಾಡುತ್ತದೆ, ಇಲ್ಲವೇ ಅಳುತ್ತದೆ, ಆದ್ದರಿಂದ ಒದೆಯುವುದನ್ನು ಮೊಬೈಲಿನಲ್ಲಿ ಒಂದು ನಿಮಿಷ ಚಿತ್ರೀಕರಿಸಿ ಒಯ್ಯುವುದು ಉತ್ತಮ. ನಮ್ಮ ಅಳಿಯ ಹೀಗೆ ತೆಗೆದಿದ್ದ ಹಳೆಯ ವಿಡಿಯೋ ಒಂದರಲ್ಲಿ, ಮೂರು ತಿಂಗಳ ಮಗುವಿನ ನಗುವನ್ನು ಹಿಡಿಯಲೆಂದು ತೆಗೆದದ್ದರಲ್ಲಿ, ಎಡಗಾಲು ಸುಮ್ಮನೆ ಬಿದ್ದಿರುವುದು ಸ್ಪಷ್ಟವಾಗಿ ಕಾಣುತ್ತದೆ. ಅಷ್ಟು ಮಂದಿ ನೋಡಿ ನಕ್ಕೆವು, ಕಾಲನ್ನು ಯಾರೂ ನೋಡಲಿಲ್ಲ.

ಹಳೆಯ ಕ್ರಮಗಳಲ್ಲಿ ಎಲ್ಲವೂ ಕೆಟ್ಟದ್ದೂ ಅಲ್ಲ, ಒಳ್ಳೆಯದೂ ಅಲ್ಲ. ಮಗುವನ್ನು ಸೊಂಟದ ಮೇಲೆ ಕಾಲಗಲಿಸಿ ಕೂರಿಸಿಕೊಳ್ಳುವ ನಮ್ಮ ರೂಢಿ ಕೀಲಿಗೆ ಹಿತ. ಕಾಲುಗಳನ್ನು ಜೋಡಿಸಿ ನೆಟ್ಟಗೆ ಮಾಡಿ ಬಿಗಿಯಾಗಿ ಸುತ್ತುವ ಸಮಾಜಗಳಲ್ಲಿ ಈ ತೊಂದರೆ ಹೆಚ್ಚು ಕಂಡಿದೆ. ಬಟ್ಟೆಯಲ್ಲಿ ಸುತ್ತಬೇಕೆಂದಿದ್ದರೆ ಎದೆಯ ಮಟ್ಟಿಗೆ ಸುತ್ತಿ, ಕಾಲು ಮಡಚಿ ಒದೆಯಲು ಕೆಳಗೆ ಸಡಿಲ ಬಿಡಿ. ಎಣ್ಣೆ ತಿಕ್ಕುವ ಕೈ ಮುಂದುವರಿಯಲಿ, ಜಗ್ಗುವ ಕೈ ನಿಲ್ಲಲಿ.

ಈ ಸೀಮೆಯಲ್ಲಿ ಇದರ ಬಗ್ಗೆ ಬಾಯಿ ಬಿಡಲು ಇನ್ನೊಂದು ಅಡ್ಡಿಯಿದೆ, ಅದನ್ನು ಬರೆಯದಿದ್ದರೆ ಪತ್ರ ಅರ್ಧವಾಗುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದ ಊರುಗಳಲ್ಲಿ ಎಣ್ಮಕಜೆಯೂ ಒಂದು. ಆ ಸಿಂಪಡಣೆ ನಿಂತು ಎರಡು ದಶಕ ದಾಟಿದೆ, ಸುಪ್ರೀಂ ಕೋರ್ಟು 2011ರಲ್ಲಿ ಆ ವಿಷವನ್ನು ದೇಶದಲ್ಲೇ ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಆದರೂ ಇಲ್ಲಿ ಮಗುವಿನ ಕಾಲಿನಲ್ಲಿ ಏನೋ ಇದೆಯಂತೆ ಎಂದು ಯಾರಾದರೂ ಪಿಸುಗುಟ್ಟಿದರೆ ಕೇಳಿದವರ ಮನಸ್ಸಿಗೆ ಮೊದಲು ಬರುವುದು ಅದೇ ಹೆಸರು. ಕಾಯಿಲೆಯ ಹೆಸರು ಬರುವ ಮೊದಲೇ ಮನೆಗೆ ಹೆಸರು ಬಂದುಬಿಡುತ್ತದೆ ಎಂಬ ಹೆದರಿಕೆಯಿಂದ ಮುಚ್ಚಿಡುವವರಿದ್ದಾರೆ. ನನ್ನ ಮನೆಯಲ್ಲೂ "ಈಗಲೇ ಆಸ್ಪತ್ರೆಗೆ ತೋರಿಸಿ ಊರಿಗೆಲ್ಲ ಸುದ್ದಿ ಮಾಡುವುದು ಬೇಡ" ಎಂದವರು ಒಬ್ಬರಿದ್ದರು. ವಿಷದಿಂದ ನೊಂದ ಮಕ್ಕಳ ನೋವು ದೊಡ್ಡದು, ಅವರಿಗೆ ಸಿಗಬೇಕಾದದ್ದು ಪೂರ್ತಿ ಸಿಗಲಿ. ಆದರೆ ಕಾಲಿನ ತೊಂದರೆಗಳೆಲ್ಲ ಅದರಿಂದಲೇ ಬಂದವಲ್ಲ. ಮೊದಲೇ ಹಿಡಿದರೆ ಗುಣವಾಗುವಂಥವೂ ಇವೆ. ಅವುಗಳಿಗೆ ಆ ನೆರಳು ತಾಗಬಾರದು.

ಇನ್ನು ವ್ಯವಸ್ಥೆಯ ಮಾತು. ಕಾಗದದ ಮೇಲೆ ನೋಡಿದರೆ ಕೊರತೆಯೇ ಇಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗೆ ಗಮನಿಸಬೇಕಾದ 30 ತೊಂದರೆಗಳನ್ನು ಹೆಸರಿಸಿದೆ. ಸೊಂಟದ ಕೀಲಿನ ಈ ದೋಷ, ಪಾದ ಒಳತಿರುಗಿರುವುದು, ಚಲನೆಯ ಬೆಳವಣಿಗೆ ಕುಂಠಿತವಾಗಿರುವುದು ಮೂರೂ ಆ ಪಟ್ಟಿಯಲ್ಲಿವೆ. ಗುರುತಿಸಿದ ಮಕ್ಕಳಿಗಾಗಿ ಜಿಲ್ಲಾ ಮಟ್ಟದಲ್ಲಿ ಕೇಂದ್ರಗಳಿರಬೇಕೆಂದೂ ಇದೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೇ ಬಂದು ನೋಡಬೇಕು, ಆಮೇಲೆ 3, 6, 9, 12, 15ನೆಯ ತಿಂಗಳಲ್ಲಿ ಮತ್ತೆ ಬರಬೇಕು. ನಮ್ಮ ಮನೆಯಲ್ಲಿದ್ದ ಐದು ತಿಂಗಳಲ್ಲಿ ಮಗುವನ್ನು ಈ ಭೇಟಿಗಳಲ್ಲಿ ಒಂದರಲ್ಲೂ ಯಾರೂ ನೋಡಲಿಲ್ಲ, ಮತ್ತು ಅದಕ್ಕೆ ಯಾರ ಸೋಮಾರಿತನವೂ ಕಾರಣವಲ್ಲ. ಗರ್ಭಿಣಿಯಾಗಿದ್ದಾಗ ಮಗಳ ಹೆಸರು ವಿಟ್ಲದ ಕಡೆಯಲ್ಲಿ ನೋಂದಾಯಿಸಿತ್ತು, ತಾಯಿ ಕಾರ್ಡ್ ಕರ್ನಾಟಕದ್ದು. ಹೆರಿಗೆ ಮಂಗಳೂರಿನಲ್ಲಿ. ಮಗು ಮಲಗಿದ್ದು ಕೇರಳದಲ್ಲಿ. ವಿಟ್ಲದ ಕಡೆಯ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಹೆಸರಿತ್ತು, ಮಗು ಇರಲಿಲ್ಲ. ಇಲ್ಲಿಯವರ ಊರಿನಲ್ಲಿ ಮಗುವಿತ್ತು, ಹೆಸರಿರಲಿಲ್ಲ. ಸಾರಡ್ಕದ ಗಡಿಯಿಂದ ಆಚೆ ಈಚೆ ಹೆಣ್ಣು ಕೊಟ್ಟು ತರುವುದು ರಾಜ್ಯಗಳು ಹುಟ್ಟುವ ಮೊದಲಿನಿಂದ ನಡೆದು ಬಂದಿದೆ. ಪೆರ್ಲ, ಅಡ್ಯನಡ್ಕ, ವಿಟ್ಲಗಳಲ್ಲಿ ಇಂಥ ಮನೆ ಒಂದೆರಡಲ್ಲ. ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಬರುವುದೂ ಸಂಪ್ರದಾಯವೇ. ಅಂದರೆ ಈ ತೊಂದರೆ ಹೆಚ್ಚಾಗಿ ಬರುವ ಚೊಚ್ಚಲ ಮಕ್ಕಳೇ, ಅದನ್ನು ಹಿಡಿಯಬೇಕಾದ ತಿಂಗಳುಗಳಲ್ಲೇ, ಎರಡು ರಾಜ್ಯಗಳ ಪುಸ್ತಕಗಳ ನಡುವಿನ ಸಂದಿನಲ್ಲಿ ಇರುತ್ತವೆ.

ಭಾಷೆಯದು ಇನ್ನೊಂದು ಸಂದು. ಲಸಿಕೆಗೆ ಹೋದಾಗ ನಮ್ಮ ಕೈಗೆ ಬಂದ ಕಾಗದಗಳು ಮಲಯಾಳದಲ್ಲಿದ್ದವು. ನಾನು ಕನ್ನಡ ಶಾಲೆಯಲ್ಲಿ ಓದಿದವಳು. ಬಸ್ಸಿನ ಬೋರ್ಡು ಓದುತ್ತೇನೆ, ಮಗುವಿನ ಬೆಳವಣಿಗೆಯ ಸೂಕ್ಷ್ಮ ಓದಲಾರೆ. ಅಲ್ಲಿಯ ಸಿಸ್ಟರು ಒಳ್ಳೆಯವರು, ನನ್ನ ಹರಕು ಮಲಯಾಳವನ್ನು ತಾಳ್ಮೆಯಿಂದ ಕೇಳಿದರು. ಆದರೆ 'ಕಾಲು ಅಗಲಿಸಿದರೆ ನಡುವೆ ತಡೆಯುತ್ತದೆ' ಎಂಬುದನ್ನು ನಾನು ಹೇಳಲಾಗದೆ 'ಕಾಲು ಸರಿಯಿಲ್ಲ' ಎಂದಷ್ಟೇ ಹೇಳಿದೆ. ಕಾಲು ಸರಿಯಿಲ್ಲ ಎಂದರೆ ಯಾರಿಗೆ ಏನು ತಿಳಿದೀತು? 1969ರ ಕೇರಳ ಆಡಳಿತ ಭಾಷಾ ಕಾಯಿದೆ ಇಲ್ಲಿಯ ಕನ್ನಡಿಗರಿಗೆ ಸರ್ಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿತು; ಆ ಹಕ್ಕನ್ನು ನಾವು ಅರ್ಜಿ, ನೇಮಕಾತಿ, ಪರೀಕ್ಷೆಗಳ ವಿಷಯದಲ್ಲಿ ಜೋರಾಗಿ ಕೇಳುತ್ತೇವೆ. ತೊಟ್ಟಿಲಿನ ಹತ್ತಿರ ಕೇಳಿದ್ದು ಕಡಿಮೆ.

ನನ್ನ ಕೋರಿಕೆ ದೊಡ್ಡದಲ್ಲ. ಲಸಿಕೆಗೆ ಬರುವ ಪ್ರತಿ ಮಗುವಿನ ತೊಡೆಗಳನ್ನು ಮೊದಲ ಮೂರು ಬಾರಿಯೂ ಒಮ್ಮೆ ಅಗಲಿಸಿ ನೋಡಲಿ, 'ಎರಡೂ ಕಾಲು, ಎರಡೂ ಕೈ ಸಮನಾಗಿ ಆಡಿಸುತ್ತದೆಯೇ' ಎಂದು ತಾಯಿಯನ್ನು ಅವಳ ಭಾಷೆಯಲ್ಲಿ ಕೇಳಲಿ, ಉತ್ತರವನ್ನು ಬರೆದುಕೊಳ್ಳಲಿ. ಕುಂಡೆ ಕೆಳಗಾಗಿದ್ದ ಮಗುವಿನ ಡಿಸ್‌ಚಾರ್ಜ್ ಕಾಗದದಲ್ಲಿ, ಸೊಂಟವನ್ನು ಯಾವ ವಾರದಲ್ಲಿ ಪರೀಕ್ಷೆ ಮಾಡಿಸಬೇಕೆಂದು ಒಂದು ಸಾಲು ಕನ್ನಡದಲ್ಲಿ ಇರಲಿ. ಮಂಗಳೂರಿನ ಆಸ್ಪತ್ರೆಗಳಿಗೆ ಇದು ಒಂದು ಮುದ್ರೆಯ ಖರ್ಚು. ಗಡಿಯ ಎರಡು ಕಡೆಯ ಆಶಾ ಕಾರ್ಯಕರ್ತೆಯರ ನಡುವೆ ಒಂದು ಫೋನ್ ಕರೆಗೆ ಏರ್ಪಾಡಾಗಲಿ, ಮಗು ಎಲ್ಲಿ ಮಲಗಿದೆಯೋ ಅಲ್ಲಿಯವರು ನೋಡಲಿ, ಹೆಸರು ಯಾವ ರಾಜ್ಯದ್ದೆಂಬ ಲೆಕ್ಕ ಆಮೇಲೆ ಸರಿಹೊಂದಿಸಿಕೊಳ್ಳಲಿ. ಫಿಸಿಯೋಥೆರಪಿ ವಾರಕ್ಕೆ ಒಂದು ದಿನವಾದರೂ ಪೆರ್ಲ, ಬದಿಯಡ್ಕಗಳಂಥ ಕಡೆ ಸಿಗುವಂತಾದರೆ, ನೆರೆಮನೆಯ ಅಜ್ಜನಂಥವರು ಮೊಮ್ಮಗನನ್ನು ಎತ್ತಿಕೊಂಡು ಎರಡೆರಡು ಬಸ್ಸು ಬದಲಿಸುವುದು ತಪ್ಪುತ್ತದೆ.

ಕಾಯುತ್ತ ಕೂರಲಾರದೆ ಕಳೆದ ತಿಂಗಳು ನಾನೇ ಒಂದು ರಟ್ಟಿನ ಮೇಲೆ ಶಾಲೆಯ ದಪ್ಪ ಅಕ್ಷರಗಳಲ್ಲಿ ಈ ಮೇಲಿನ ಗುರುತುಗಳನ್ನು ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಮಡಚಿದ ಎರಡು ಕಾಲುಗಳ ಚಿತ್ರ ಬಿಡಿಸಿ, ಪರಿಚಯದ ಮಕ್ಕಳ ತಜ್ಞರೊಬ್ಬರಿಗೆ ತೋರಿಸಿ ತಿದ್ದಿಸಿ, ನಮ್ಮ ಅಂಗನವಾಡಿಗೆ ಕೊಟ್ಟೆ. ಗೋಡೆಗೆ ಅಂಟಿಸಿದ್ದಾರೆ. ಅಲ್ಲಿಗೆ ಬರುವ ಮಲಯಾಳ ಮಾತಾಡುವ ತಾಯಂದಿರು ಚಿತ್ರ ನೋಡಿ ಕೇಳುತ್ತಿದ್ದಾರಂತೆ. ಮಲಯಾಳದಲ್ಲಿಯೂ ಒಂದು ಬರೆದುಕೊಡಿ ಎಂದು ಅಂಗನವಾಡಿ ಟೀಚರು ಹೇಳಿ ಕಳುಹಿಸಿದ್ದಾರೆ. ತಮ್ಮ ಓದುಗರಲ್ಲಿ ಎರಡೂ ಭಾಷೆ ಚೆನ್ನಾಗಿ ಬಲ್ಲವರು, ಅಕ್ಷರ ದುಂಡಗಿರುವವರು ಯಾರಾದರೂ ಇದ್ದರೆ ಪೆರ್ಲದ ಆ ಅಂಗನವಾಡಿಗೆ ಬರಲಿ. ರಟ್ಟು, ಬಣ್ಣ ನಾನು ಕೊಡುತ್ತೇನೆ.

ಇತಿ,
ನಿವೃತ್ತ ಅಧ್ಯಾಪಿಕೆ,
ಎಣ್ಮಕಜೆ, ಕಾಸರಗೋಡು ಜಿಲ್ಲೆ